ಯಿಂಕಾ ಶೋನಿಬಾರೆ: ಬಟ್ಟೆಯಿಂದ ಶುರು ಮಾಡೋಣ

ಪರೀಕ್ಷೆಗೆ ಬ್ರಿಟಿಷ್-ನೈಜೀರಿಯನ್ ಕಲಾವಿದ ಯಿಂಕಾ ಶೋನಿಬಾರೆ ಬಗ್ಗೆ ಓದುವಾಗ, ಹುಟ್ಟಿದ ಇಸವಿ, ಓದಿದ ಕಾಲೇಜು ಅಂತ ಬಾಯಿಪಾಠ ಮಾಡಿ ನಾನು ಎರಡು ದಿನ ಹಾಳು ಮಾಡಿಕೊಂಡೆ. ನೀವು ಬಟ್ಟೆಯಿಂದ ಶುರು ಮಾಡಿ.

ಶೋನಿಬಾರೆಯವರ ಬಹಳಷ್ಟು ಕೃತಿಗಳಲ್ಲಿ ಕಣ್ಣು ಕೋರೈಸುವ ಬಣ್ಣದ, ದೊಡ್ಡ ಚಿತ್ತಾರದ ಹತ್ತಿ ಬಟ್ಟೆ ಇರುತ್ತದೆ. ನೋಡಿದ ತಕ್ಷಣ ಆಫ್ರಿಕಾದ್ದು ಅನ್ನಿಸುತ್ತದೆ, ಅಲ್ವಾ? ಮಜಾ ಇರುವುದೇ ಅಲ್ಲಿ. ಇದು ಡಚ್ ವ್ಯಾಕ್ಸ್. ಮೂಲ ಇಂಡೊನೇಷ್ಯಾದ ಜಾವಾ ದ್ವೀಪದ ಬಾಟಿಕ್. ಅಲ್ಲಿ ಕೈಯಲ್ಲಿ ಮೇಣ ಬಳಿದು ಬಣ್ಣಕ್ಕೆ ಅದ್ದುತ್ತಿದ್ದರು. 19ನೇ ಶತಮಾನದಲ್ಲಿ ಡಚ್ಚರು ಅದನ್ನು ಯಂತ್ರದಲ್ಲಿ ತಯಾರಿಸಿ, ಜಾವಾದವರಿಗೇ ಅಗ್ಗಕ್ಕೆ ಮಾರಲು ಹೊರಟರು. ಬಟ್ಟೆಗೆ ಹಚ್ಚಿದ ರಾಳ ಬಿರುಕು ಬಿಡುತ್ತಿತ್ತು. ಬಿರುಕಿನಲ್ಲಿ ಬಣ್ಣ ಇಳಿದು, ಎಲೆಯ ನರದ ಹಾಗೆ ಸಣ್ಣ ಗೆರೆಗಳು ಮೂಡುತ್ತಿದ್ದವು. ಜಾವಾದವರಿಗೆ ಅದು ಹಿಡಿಸಲಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಭರ್ಜರಿಯಾಗಿ ಓಡಿತು. ಇಂಥ ಬಟ್ಟೆಯನ್ನು ಶೋನಿಬಾರೆ ಮೊದಲು ಕೊಂಡಿದ್ದು ಲಂಡನ್ನಿನ ಬ್ರಿಕ್ಸ್‌ಟನ್ ಮಾರ್ಕೆಟ್ಟಿನಲ್ಲಿ!

ಈಗ ಬದುಕು. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ಮೂರು ವರ್ಷದ ಮಗುವಾಗಿದ್ದಾಗ ನೈಜೀರಿಯಾದ ಲಾಗೋಸ್‌ಗೆ ಹೋದರು. ಮನೆಯಲ್ಲಿ ಯೊರುಬಾ, ಶಾಲೆಯಲ್ಲಿ ಇಂಗ್ಲಿಷ್. ಹದಿನೇಳಕ್ಕೆ ಮತ್ತೆ ಇಂಗ್ಲೆಂಡ್. ಮುಂದಿನ ವರ್ಷವೇ ಬೆನ್ನುಹುರಿಯ ಉರಿಯೂತ ಬಂದು ದೇಹದ ಒಂದು ಭಾಗ ಸ್ವಾಧೀನ ತಪ್ಪಿತು. ಹಾಗಾಗಿ ಕೃತಿಗಳನ್ನು ಸಹಾಯಕರ ತಂಡ ಕಟ್ಟಿಕೊಂಡು ಮಾಡುತ್ತಾರೆ.

ಕಲಾಶಾಲೆಯಲ್ಲಿ ಸೋವಿಯತ್ ಒಕ್ಕೂಟದ ಪೆರೆಸ್ಟ್ರೊಯಿಕಾ (1980ರ ದಶಕದ ಸುಧಾರಣೆಗಳು) ಬಗ್ಗೆ ಕೃತಿ ಮಾಡುತ್ತಿದ್ದರು. ನೀನು ಆಫ್ರಿಕಾದವನು, ಅಪ್ಪಟ ಆಫ್ರಿಕನ್ ಕಲೆ ಯಾಕೆ ಮಾಡಬಾರದು ಅಂತ ಮೇಷ್ಟರೊಬ್ಬರು ಕೇಳಿದರಂತೆ. ಅಪ್ಪಟ ಅಂದರೆ ಯಾವುದು? ಆ ಪ್ರಶ್ನೆಗೆ ಅವರಿಗೆ ಸಿಕ್ಕ ಉತ್ತರ ಈ ಬಟ್ಟೆ.

ಒಂದು ಕೃತಿಯನ್ನಾದರೂ ನಿಧಾನವಾಗಿ ನೋಡಿ: 2001ರ 'ದಿ ಸ್ವಿಂಗ್'. ಫ್ರೆಂಚ್ ಕಲಾವಿದ ಫ್ರಾಗೊನಾರ್‌ನ 1767ರ ಉಯ್ಯಾಲೆ ಚಿತ್ರವನ್ನು ಇವರು ಆಳೆತ್ತರದ ಬೊಂಬೆಯಾಗಿ ಮಾಡಿದ್ದಾರೆ. ಮೂಲದಲ್ಲಿ ಉಯ್ಯಾಲೆಯಲ್ಲಿ ಕೂತ ಹುಡುಗಿಯ ಜೊತೆ ಇಬ್ಬರು ಗಂಡಸರಿದ್ದಾರೆ. ಒಬ್ಬ ಉಯ್ಯಾಲೆ ತೂಗುತ್ತಾನೆ, ಇನ್ನೊಬ್ಬ ಪೊದೆಯಲ್ಲಿ ಬಿದ್ದುಕೊಂಡು ಲಂಗದೊಳಗೆ ಇಣುಕುತ್ತಾನೆ. ಶೋನಿಬಾರೆ ಇಬ್ಬರನ್ನೂ ತೆಗೆದುಹಾಕಿದರು. ಈಗ ಇಣುಕುವ ಜಾಗದಲ್ಲಿ ನಿಂತವರು ನಾವೇ! ಕಾಲಿಂದ ಹಾರಿದ ಚಪ್ಪಲಿ ಗಾಳಿಯಲ್ಲೇ ನಿಂತಿದೆ. ರೇಷ್ಮೆಯ ಜಾಗಕ್ಕೆ ಡಚ್ ವ್ಯಾಕ್ಸ್ ಬಂದಿದೆ. ಹುಡುಗಿಗೆ ತಲೆಯೇ ಇಲ್ಲ. ಸಿರಿವಂತರ ಆ ಮೋಜು ಮುಗಿದದ್ದು ಫ್ರೆಂಚ್ ಕ್ರಾಂತಿಯಲ್ಲಿ, ತಲೆ ಕಡಿಯುವ ಯಂತ್ರವಾದ ಗಿಲೊಟಿನ್ ಕೆಳಗೆ, ನೆನಪಿದೆಯಲ್ಲ? ತಲೆ ಇಲ್ಲದಿದ್ದರೆ ಮೈಬಣ್ಣದಿಂದ ಇವಳು ಇಂಥವಳು ಅಂತ ಗುರುತು ಹಿಡಿಯೋದೂ ಕಷ್ಟ.

2010ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದ ಖಾಲಿ ಪೀಠದ ಮೇಲೆ ಬಾಟಲಿಯೊಳಗಿನ ಹಡಗು ಇಟ್ಟರು. ಬ್ರಿಟಿಷ್ ನೌಕಾಪಡೆಯ ಸೇನಾನಿ ನೆಲ್ಸನ್‌ನ 'ವಿಕ್ಟರಿ' ಹಡಗಿನ ಮಾದರಿ ಅದು. 37 ಹಾಯಿಗಳೂ ಇದೇ ಬಗೆಯ ಬಟ್ಟೆಯವು. ಎದುರಿಗೇ ಕಂಬದ ಮೇಲೆ ನೆಲ್ಸನ್. ಹಡಗು ಈಗ ಗ್ರೀನಿಚ್‌ನ ಕಡಲ ವಸ್ತುಸಂಗ್ರಹಾಲಯದ ಹೊರಗಿದೆ.

ಉತ್ತರ ಬರೆಯುವಾಗ ಒಂದು ವಿಷಯ ಬಿಡಬೇಡಿ. ಅವರಿಗೆ ಬ್ರಿಟನ್ ಕೊಟ್ಟ ಎಂಬಿಇ (ಮೆಂಬರ್ ಆಫ್ ದಿ ಆರ್ಡರ್ ಆಫ್ ದಿ ಬ್ರಿಟಿಷ್ ಎಂಪೈರ್) ಗೌರವದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಹೆಸರೇ ಇದೆ. ವಸಾಹತು ಆಡಳಿತವನ್ನು ಗೇಲಿ ಮಾಡುವ ಈ ಮನುಷ್ಯ ಅದನ್ನು ಬೇಡ ಅನ್ನಲಿಲ್ಲ. ತನ್ನ ಹೆಸರಿನ ಕೊನೆಗೆ ಬೇಕಂತಲೇ ಸೇರಿಸಿಕೊಂಡರು. 2019ರಲ್ಲಿ ಅದು ಅದಕ್ಕಿಂತ ಮೇಲಿನ ದರ್ಜೆಯ ಸಿಬಿಇ ಆಯಿತು.