ಹೆಸರು ಒಂದೇ, ಗುಂಡಿ ಬೇರೆ

ಊರಿನಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಬ್ಬ ಗಿರಣಿ ಬಸಪ್ಪ, ಇನ್ನೊಬ್ಬರು ಬಸಪ್ಪ ಮೇಷ್ಟ್ರು. ಮೂರನೆಯವನೂ ಇದ್ದರೆ ಅವನು ಹುಣಸೆಮರದ ಮನೆ ಬಸಪ್ಪ. ಈ ಲೆಕ್ಕ ತಪ್ಪುವುದು ಚುನಾವಣೆಯಲ್ಲಿ.

1961ರ ಚುನಾವಣಾ ನಿಯಮಗಳನ್ನು ಬರೆದವರಿಗೂ ಹಳ್ಳಿಯ ಈ ಜಾಣತನ ಗೊತ್ತಿದ್ದಂತಿದೆ. ಕಣದಲ್ಲಿ ಒಂದೇ ಹೆಸರಿನ ಅಭ್ಯರ್ಥಿಗಳಿದ್ದರೆ ವೃತ್ತಿಯನ್ನೋ ವಾಸಸ್ಥಳವನ್ನೋ ಸೇರಿಸಿ ಅವರನ್ನು ಬೇರೆಬೇರೆಯಾಗಿ ತೋರಿಸಬೇಕು ಎನ್ನುತ್ತದೆ 22ನೇ ನಿಯಮ. ಆಕಸ್ಮಿಕವಾಗಿ ಒದಗುವ ಹೆಸರಿಗೆ ಇದು ಸಾಕಿತ್ತು. ಎದುರಾಳಿಯ ಮತ ಒಡೆಯಲು ಬೇಕೆಂದೇ ಹುಡುಕಿ ತಂದು ನಿಲ್ಲಿಸುವ ಹೆಸರಿಗೆ ಸಾಲಲಿಲ್ಲ.

ಕೇರಳದ ಆಲಪ್ಪುಳದಲ್ಲಿ 2004ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ.ಎಂ. ಸುಧೀರನ್ ಸೋತದ್ದು 1,009 ಮತಗಳಿಂದ. ಪಕ್ಷೇತರ ವಿ.ಎಸ್. ಸುಧೀರನ್ ಪಡೆದದ್ದು 8 ಸಾವಿರಕ್ಕೂ ಹೆಚ್ಚು. ನಡುವೆ ಇದ್ದದ್ದು ಒಂದು ಇನಿಷಿಯಲ್ಲಿನ ವ್ಯತ್ಯಾಸ. ಹತ್ತು ವರ್ಷಗಳ ನಂತರ ಛತ್ತೀಸಗಢದ ಮಹಾಸಮುಂದದಲ್ಲಿ ಇದು ಜಾತ್ರೆಯೇ ಆಯಿತು: ಚಂದು ಸಾಹುಗಳು ಒಟ್ಟು 11 ಮಂದಿ! ಬಿಜೆಪಿಯ ಚಂದು ಲಾಲ್ ಸಾಹು ಅಜಿತ್ ಜೋಗಿ ಅವರನ್ನು 1,217 ಮತಗಳಿಂದ ಸೋಲಿಸಿ ಹೇಗೋ ದಡ ಸೇರಿದರು.

2015ರಲ್ಲಿ ಮತಪತ್ರದ ಮೇಲೆ ಅಭ್ಯರ್ಥಿಯ ಫೋಟೊ ಬಂತು. ಗೊಂದಲ ಮುಗಿಯಿತೆಂದುಕೊಂಡರೆ, ಮರುವರ್ಷವೇ ಕನ್ನಡದ ಗಡಿನಾಡು ಮಂಜೇಶ್ವರದಲ್ಲಿ ಬಿಜೆಪಿಯ ಕೆ. ಸುರೇಂದ್ರನ್ 89 ಮತಗಳಿಂದ ಸೋತರು. ಬಿಎಸ್‌ಪಿಯ ಕೆ. ಸುಂದರ ಅವರಿಗೆ ಬಿದ್ದಿದ್ದ ಮತಗಳು 467. ಹೆಸರು ಅದೇ ಅಲ್ಲ, ಹತ್ತಿರದ್ದು ಅಷ್ಟೆ. ಆ 467ರಲ್ಲಿ ಕಣ್ತಪ್ಪಿ ಬಿದ್ದವು ಎಷ್ಟು, ತಿಳಿದೇ ಒತ್ತಿದವು ಎಷ್ಟು ಎಂದು ಮತಯಂತ್ರ ಹೇಳುವುದಿಲ್ಲ. ಚರ್ಚೆ ಇಂದಿಗೂ ಮುಗಿಯದಿರುವುದು ಅದಕ್ಕೇ.

ಮಂಡ್ಯದ 2019ರ ಕಣ ಕನ್ನಡಿಗರಿಗೆ ಚೆನ್ನಾಗಿ ನೆನಪಿದೆ. ಸುಮಲತಾ ಅಂಬರೀಶ್ ಅವರ ಜೊತೆಗೆ ಇನ್ನೂ ಮೂವರು ಸುಮಲತಾ! ಇಲ್ಲಿ ಒಂದು ಸೂಕ್ಷ್ಮವಿದೆ. ಮತಯಂತ್ರದ ಮೇಲೆ ಮಾನ್ಯತೆ ಪಡೆದ ಪಕ್ಷದವರ ಹೆಸರು ಮೊದಲು, ನಂತರ ನೋಂದಾಯಿತ ಪಕ್ಷಗಳವರದು, ಪಕ್ಷೇತರರದು ಕೊನೆಗೆ. ದೊಡ್ಡ ಪಕ್ಷದ ಅಭ್ಯರ್ಥಿಗೆ ಅದೇ ಹೆಸರಿನ ಪಕ್ಷೇತರ ಎಲ್ಲೋ ಕೆಳಗೆ ಸಿಗುತ್ತಾನೆ. ಸುಮಲತಾ ಸ್ವತಃ ಪಕ್ಷೇತರರು. ನಾಲ್ವರೂ ಒಂದೇ ಗುಂಪಿಗೆ ಬಂದರು. ಹಾಗಾಗಿ ಹೆಸರಿಗಿಂತ ಚಿಹ್ನೆಯೇ ಗಟ್ಟಿ ಗುರುತಾಯಿತು: ಕಹಳೆ ಊದುವ ರೈತ. ಗೆಲುವಿನ ಅಂತರ 1,25,876. ಅಲೆ ಅಷ್ಟು ಜೋರಾಗಿದ್ದಾಗ ಒಂದೇ ಹೆಸರಿನ ಆಟ ನಡೆಯುವುದಿಲ್ಲ. ಹತ್ತಿರದ ಪೈಪೋಟಿಯಲ್ಲಷ್ಟೇ ಅದಕ್ಕೆ ಬೆಲೆ.

2024ರಲ್ಲಿ ತಮಿಳುನಾಡಿನ ರಾಮನಾಥಪುರದಲ್ಲಿ ಮಾಜಿ ಮುಖ್ಯಮಂತ್ರಿ ಓ. ಪನ್ನೀರ್‌ಸೆಲ್ವಂ ಎದುರು ನಿಂತ ಐವರು ಪನ್ನೀರ್‌ಸೆಲ್ವಂಗಳ ಇನಿಷಿಯಲ್ಲೂ ‘ಓ’. ಇಂಥವರನ್ನು ತಡೆಯಬೇಕೆಂಬ ಅರ್ಜಿ ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ತಂದೆತಾಯಿ ಇಟ್ಟ ಹೆಸರಿನ ಕಾರಣಕ್ಕೆ ಸ್ಪರ್ಧಿಸುವ ಹಕ್ಕನ್ನು ಕಿತ್ತುಕೊಳ್ಳಲಾದೀತೇ ಎಂದು ಪೀಠ ಕೇಳಿತು. ಅರ್ಜಿದಾರರು ಅರ್ಜಿ ಹಿಂಪಡೆದರು.

2025ರ ಬಿಹಾರ ಚುನಾವಣೆಯಿಂದ ಮತಯಂತ್ರದ ಮೇಲೆ ಫೋಟೊ ಬಣ್ಣದ್ದಾಗಿದೆ. ಅದರ ಮುಕ್ಕಾಲು ಭಾಗ ಮುಖವೇ ಇರಬೇಕು.