ಸರ್ಕಾರದ ಕೈ ಕಡಿಮೆ ಇರಲಿ ಅನ್ನುವವರು ಸರ್ಕಾರಕ್ಕೇ ಯಾಕೆ ನೀತಿ ಬರೆದು ಕೊಡಬೇಕು?

ಓದುಗರ ಪ್ರಶ್ನೆ: ನಾನು ಮುಂಬೈನಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೇನೆ. ಲಿಬರ್ಟೇರಿಯನ್ ವಿಚಾರಗಳ ಮೇಲೆ ವಿದ್ಯಾರ್ಥಿಗಳಿಗೆ ಒಂದು ಸ್ಪರ್ಧೆ ಇದೆ. ಮೊದಲು ಎರಡು ಪುಟದ ಪಾಲಿಸಿ ಬ್ರೀಫ್ ಬರೆದು ಕಳಿಸಬೇಕು. ಆಯ್ಕೆಯಾದರೆ ಡಿಬೇಟ್. ಆದರೆ ಲಿಬರ್ಟೇರಿಯನ್ ಅಂದ್ರೆ ಸರ್ಕಾರವೇ ಬೇಡ ಅನ್ನೋದಲ್ವಾ? ಬೇಡ ಅಂದಮೇಲೆ ಸರ್ಕಾರ ಏನು ಮಾಡಬೇಕು ಅಂತ ಬರೆಯೋದು ಹೇಗೆ? – ಡೊಂಬಿವಲಿಯಿಂದ ಒಬ್ಬ ವಿದ್ಯಾರ್ಥಿನಿ

ಇಂಥ ಸ್ಪರ್ಧೆಗೆ ಹೆಸರು ಕೊಡುವ ಮಕ್ಕಳಲ್ಲಿ ಬಹಳ ಮಂದಿ ಇದನ್ನೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಸರ್ಕಾರವೇ ಬೇಡ ಅನ್ನುವವರು ಈ ವಿಚಾರದ ಒಂದು ತುದಿಯಲ್ಲಿರುವ ಕೆಲವರು ಮಾತ್ರ. ಉಳಿದವರಿಗೆ ಪೊಲೀಸ್ ಬೇಕು, ಕೋರ್ಟು ಬೇಕು, ಮಾತು ಕೊಟ್ಟು ತಪ್ಪಿದವನನ್ನು ಹಿಡಿದು ಕೇಳುವ ಕಾನೂನೂ ಬೇಕು. ಅವರ ವಾದದ ತಿರುಳು ಇಷ್ಟು: ಬುದ್ಧಿ ಬೆಳೆದ ಮನುಷ್ಯ ತನ್ನ ದುಡಿಮೆ, ತನ್ನ ಆಸ್ತಿ, ತನ್ನ ಮಾತಿನ ಬಗ್ಗೆ ತಾನೇ ತೀರ್ಮಾನ ಮಾಡಬಹುದು. ಬೇರೆಯವರಿಗೆ ಕೇಡಾಗದವರೆಗೆ ಅವನನ್ನು ತಡೆಯುವ ಹಾಗಿಲ್ಲ. ತಡೆಯಲೇಬೇಕು ಅನ್ನುವವರು ಯಾಕೆ ಅಂತ ಮೊದಲು ಹೇಳಬೇಕು. ಕಾರಣ ಕೊಡುವ ಹೊಣೆ ತಡೆಯುವವರ ಮೇಲಿದೆ.

ಇಷ್ಟು ತಿಳಿದರೆ ಪ್ರಶ್ನೆಯ ಉಳಿದರ್ಧ ತಾನೇ ಸಡಿಲವಾಗುತ್ತದೆ. ನಿಯಮ ಮಾಡಿದ್ದು ಸರ್ಕಾರ. ಅದನ್ನು ತೆಗೆಯಬೇಕಾದರೂ ಸರ್ಕಾರವೇ ತೆಗೆಯಬೇಕು. ಹೊಸ ನಿಯಮ ಮಾಡುವುದಕ್ಕಿಂತ ಹಳೆಯದನ್ನು ತೆಗೆಯುವುದು ಕಷ್ಟದ ಕೆಲಸ. ಒಂದು ನಿಯಮ ಐವತ್ತು ವರ್ಷ ನಿಂತಿತು ಅಂದ್ರೆ, ಅದನ್ನು ನಂಬಿಕೊಂಡು ಜನ ಮದುವೆ ಮಾಡಿಕೊಂಡಿರುತ್ತಾರೆ, ಮಕ್ಕಳನ್ನು ಓದಿಸಿರುತ್ತಾರೆ, ಊರಿನ ಮನೆ ರಿಪೇರಿ ಮಾಡಿಸಿರುತ್ತಾರೆ. ನಾಳೆ ಬೆಳಿಗ್ಗೆ ಅದನ್ನು ತೆಗೆದರೆ ಅವರು ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಇಲ್ಲದ ಬ್ರೀಫ್ ಎಷ್ಟು ಚೆನ್ನಾಗಿ ಬರೆದಿದ್ದರೂ ಭಾಷಣವೇ ಹೊರತು ನೀತಿ ಆಗುವುದಿಲ್ಲ.

ಮುಂಬೈನ ವಿದ್ಯಾರ್ಥಿಗೆ ಬಾಡಿಗೆ ಕಾನೂನಿಗಿಂತ ಒಳ್ಳೆಯ ವಿಷಯ ನನಗೆ ಕಾಣುವುದಿಲ್ಲ. ಗಿರ್ಗಾಂವ್, ಲಾಲ್‌ಬಾಗ್, ಫೋರ್ಟ್‌ನ ಹಳೇ ಕಟ್ಟಡಗಳಲ್ಲಿ, ಚಾಳ್‌ಗಳಲ್ಲಿ ನಮ್ಮ ಕನ್ನಡಿಗರೂ ಎಷ್ಟೋ ಜನ ಬಾಳಿದ್ದಾರೆ. ಅದಕ್ಕೇ ಇದನ್ನು ಸ್ವಲ್ಪ ಜಾಸ್ತಿ ಬಿಡಿಸಿ ಹೇಳುತ್ತೇನೆ.

1947ರಲ್ಲಿ ಬಾಂಬೆ ಬಾಡಿಗೆ ಕಾಯ್ದೆ ಬಂತು. ಯುದ್ಧ ಮುಗಿದಿತ್ತು, ದೇಶ ಒಡೆದಿತ್ತು, ಮನೆಗಳಿಗೆ ಬರ ಇತ್ತು. 1940ರ ಸೆಪ್ಟೆಂಬರ್ 1ರಂದು ಎಷ್ಟು ಬಾಡಿಗೆ ಇತ್ತೋ ಅದೇ ಅಳತೆಗೋಲು ಅಂತ ಕಾಯ್ದೆ ಹೇಳಿತು. ಸ್ವಲ್ಪ ಕಾಲಕ್ಕೆ ಅಂತ ಮಾಡಿದ್ದನ್ನು ಮತ್ತೆ ಮತ್ತೆ ಮುಂದುವರಿಸಿದರು. ಬೆಲೆಗಳು ಎಲ್ಲಿಗೋ ಹೋದವು, ಬಾಡಿಗೆ ಅಲ್ಲೇ ನಿಂತಿತು. 1997ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಒಂದು ತೀರ್ಪು ಕೊಟ್ಟಿತು. ಪ್ರಕರಣದ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ. ಮಾಡಿದಾಗ ಸರಿಯಿದ್ದ ನಿಯಮ ಕಾಲ ಕಳೆದ ಹಾಗೆ ಅನ್ಯಾಯವಾಗಬಹುದು, ಇದು ಹಾಗೇ ಆಗಿದೆ ಅಂತ ಕೋರ್ಟ್ ಹೇಳಿತು. ಆದರೆ ಆಗಲೇ ರದ್ದು ಮಾಡಲಿಲ್ಲ. ಕಾಯ್ದೆಯ ಅವಧಿ ಹೇಗೂ ಮುಗಿಯುವುದರಲ್ಲಿತ್ತು, ಹೊಸದು ಮಾಡಿ ಅಂತ ಸರ್ಕಾರಕ್ಕೇ ಬಿಟ್ಟಿತು. ಈ ತೀರ್ಪನ್ನು ನೀವು ಓದಲೇಬೇಕು. ಇಡೀ ಲಿಬರ್ಟೇರಿಯನ್ ವಾದ ಅದರೊಳಗಿದೆ ಅಂತಲ್ಲ. ನಿಯಮಕ್ಕೂ ವಯಸ್ಸಾಗುತ್ತದೆ ಎನ್ನುವುದನ್ನು ಅದು ತಾಳ್ಮೆಯಿಂದ ತೋರಿಸುತ್ತದೆ.

ಹೊಸ ಕಾಯ್ದೆ 1999ರದ್ದು. 2000ದ ಮಾರ್ಚ್ 31ರಿಂದ ಜಾರಿಗೆ ಬಂತು. ವರ್ಷಕ್ಕೆ ಶೇಕಡಾ 4ರಷ್ಟು ಬಾಡಿಗೆ ಏರಿಸಬಹುದು ಅಂತ ಅದರಲ್ಲಿದೆ. ಲೆಕ್ಕ ಹಾಕಿ ನೋಡಿ: ಆಗ 100 ರೂಪಾಯಿ ಇದ್ದ ಬಾಡಿಗೆ 25 ವರ್ಷ ಹೀಗೆ ಏರಿದರೆ ಸುಮಾರು 267 ರೂಪಾಯಿ ಆಗುತ್ತದೆ. ದಕ್ಷಿಣ ಮುಂಬೈನಲ್ಲಿ ಒಂದು ರೂಮಿಗೆ! ಆ ದುಡ್ಡಿನಲ್ಲಿ ಮಾಲೀಕ ಸೋರುವ ಸೂರು ಸರಿ ಮಾಡಿಸುತ್ತಾನಾ? ಇಂಥ ಎಷ್ಟೋ ಕಟ್ಟಡಗಳಲ್ಲಿ ಸರ್ಕಾರವೇ ರಿಪೇರಿಗಾಗಿ ಸೆಸ್ (ಹೆಚ್ಚುವರಿ ತೆರಿಗೆ) ವಸೂಲು ಮಾಡುತ್ತದೆ, ಆದರೂ ಮಳೆಗಾಲದಲ್ಲಿ ಹಳೇ ಕಟ್ಟಡ ಕುಸಿದ ಸುದ್ದಿ ಈ ನಗರಕ್ಕೆ ಹೊಸದಲ್ಲ. 2017ರ ಆಗಸ್ಟ್ 31ರಂದು ಭೇಂಡಿ ಬಜಾರ್ ಹತ್ತಿರ ಹುಸೇನಿ ಕಟ್ಟಡ ಬಿದ್ದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಒಂದು ಕುಸಿತಕ್ಕೆ ಬಾಡಿಗೆ ಕಾನೂನೊಂದೇ ಕಾರಣ ಅಂತ ಬರೆಯಬೇಡಿ, ಅದು ನ್ಯಾಯವಲ್ಲ. ಆದರೆ ರಿಪೇರಿಗೆ ಯಾರಿಗೂ ಲಾಭವಿಲ್ಲದ ಸ್ಥಿತಿ ಹೇಗೆ ಬಂತು ಅಂತ ಬರೆಯಿರಿ.

ಇಲ್ಲಿಯವರೆಗೆ ಮಾಲೀಕನ ಕಡೆ. ಹೆಚ್ಚಿನ ಮಕ್ಕಳು ಇಲ್ಲಿಗೇ ನಿಲ್ಲಿಸಿ, "ಬಾಡಿಗೆ ನಿಯಂತ್ರಣ ರದ್ದಾಗಲಿ, ಉಳಿದದ್ದನ್ನು ಮಾರುಕಟ್ಟೆ ನೋಡಿಕೊಳ್ಳುತ್ತದೆ" ಅಂತ ಮುಗಿಸುತ್ತಾರೆ. ನಿಜವಾದ ತೊಡಕು ಶುರುವಾಗುವುದೇ ಆಮೇಲೆ, ಪಗಡಿಯಲ್ಲಿ.

ಬಾಡಿಗೆ ಏರಿಸುವ ಹಾಗಿಲ್ಲ ಅಂದಾಗ ಮಾಲೀಕರು ಒಳಗೆ ಬರುವವರಿಂದ ಮೊದಲೇ ಒಂದು ದೊಡ್ಡ ಮೊತ್ತ ತೆಗೆದುಕೊಂಡರು. ಅದೇ ಪಗಡಿ. ಹಳೇ ಕಾಯ್ದೆಯ ಪ್ರಕಾರ ಅದು ಅಪರಾಧ, ಆದರೂ ನಗರವಿಡೀ ನಡೆಯಿತು. ರೂಮು ಬೇರೆಯವರ ಕೈಗೆ ಹೋಗುವಾಗ ಮಾಲೀಕನಿಗೂ ಒಂದು ಪಾಲು. 1999ರ ಕಾಯ್ದೆ ಕೊನೆಗೆ ಈ ವ್ಯವಹಾರವನ್ನು ಒಪ್ಪಿಕೊಂಡಿತು. ಈಗ ಹೇಳಿ: ಒಬ್ಬರ ಅಜ್ಜ ಊರಿನ ಗದ್ದೆ ಮಾರಿ ಪಗಡಿ ಕೊಟ್ಟು ರೂಮು ಹಿಡಿದಿದ್ದರೆ, ಅವರ ಮೊಮ್ಮಗಳು ಬರೀ ಬಾಡಿಗೆದಾರಳಾ? ಇಬ್ಬರು ತಾವಾಗಿ ಒಪ್ಪಿ ಮಾಡಿಕೊಂಡ ಮಾತನ್ನು ಗೌರವಿಸಬೇಕು ಅನ್ನುವುದು ಲಿಬರ್ಟೇರಿಯನ್ನರ ಮೊದಲ ಪಾಠ. ಹಾಗಿದ್ದರೆ ಪಗಡಿಯ ಮಾತನ್ನೂ ಗೌರವಿಸಬೇಕಲ್ವಾ? ಒಂದೇ ರೂಮಿನ ಮೇಲೆ ಇಬ್ಬರಿಗೂ ಹಕ್ಕಿದೆ ಅಂತ ತೋರಿಸಿ, ಅದನ್ನು ಹೇಗೆ ಬಿಡಿಸುತ್ತೀರಿ ಅಂತ ಹೇಳುವ ಬ್ರೀಫ್ ಸ್ಪರ್ಧೆಯ ಜಡ್ಜ್‌ಗಳ ಗಮನ ಹಿಡಿಯುತ್ತದೆ.

ಬಿಡಿಸುವ ದಾರಿ ಹಲವು. ಹೊಸದಾಗಿ ಕೊಡುವ ಮನೆಗಳು ಹೆಚ್ಚಾಗಿ ಲೀವ್ ಅಂಡ್ ಲೈಸೆನ್ಸ್ ಕರಾರಿನಲ್ಲೇ (ಇಷ್ಟು ಕಾಲ ಇರಿ ಅಂತ ಅನುಮತಿ ಕೊಡುವ ಒಪ್ಪಂದ) ನಡೆಯುತ್ತವೆ, ಅಲ್ಲಿ ಬಾಡಿಗೆ ಇಬ್ಬರ ಒಪ್ಪಿಗೆಯದ್ದು. ಹಾಗಾಗಿ ಸಮಸ್ಯೆ ಹಳೇ ಕಟ್ಟಡಗಳಿಗೆ ಸೀಮಿತ ಅಂತ ಮೊದಲೇ ಗೆರೆ ಎಳೆಯಿರಿ. ಆಮೇಲೆ ಅಂಗಡಿ, ಆಫೀಸುಗಳ ಬಾಡಿಗೆಯನ್ನು ಮೊದಲು ಬಿಡಬಹುದು. ಮನೆಗಳಲ್ಲಿ ಹತ್ತು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸಬಹುದು. ರಕ್ಷಣೆಯನ್ನು ರೂಮಿಗೆ ಕೊಡುವ ಬದಲು ಮನುಷ್ಯರಿಗೆ ಕೊಡಬಹುದು: ವಯಸ್ಸಾದವರು, ಆದಾಯ ಇಲ್ಲದವರು ಇರುವಷ್ಟು ಕಾಲ ಇರಲಿ, ವ್ಯತ್ಯಾಸದ ದುಡ್ಡನ್ನು ಖಜಾನೆ ಕೊಡಲಿ. ಈ ಕೊನೆಯ ಮಾತಿನಲ್ಲಿ ಲಿಬರ್ಟೇರಿಯನ್ ವಾದದ ಅತ್ಯಂತ ಗಟ್ಟಿ ಭಾಗ ಇದೆ ಅಂತ ನನ್ನ ಅಭಿಪ್ರಾಯ. ಬಡವರಿಗೆ ಸಹಾಯ ಮಾಡಬೇಕು ಅಂತ ಸಮಾಜ ತೀರ್ಮಾನಿಸಿದರೆ ಅದರ ಖರ್ಚು ಇಡೀ ಸಮಾಜದ್ದು. ಕಟ್ಟಡ ಇದ್ದ ತಪ್ಪಿಗೆ ಒಬ್ಬನ ತಲೆ ಮೇಲೆ ಹೊರಿಸುವುದು ಸರಿಯಲ್ಲ.

ಇದೇ ವಿಷಯಕ್ಕೆ ಸೇರಿದ ಇನ್ನೊಂದು ತೀರ್ಪು 2024ರ ನವೆಂಬರ್ 5ರದ್ದು. 1986ರಲ್ಲಿ ಮ್ಹಾಡಾ (ಮಹಾರಾಷ್ಟ್ರದ ವಸತಿ ಪ್ರಾಧಿಕಾರ) ಕಾಯ್ದೆಗೆ ಒಂದು ಅಧ್ಯಾಯ ಸೇರಿಸಿದ್ದರು. ಸೆಸ್ ಕಟ್ಟಡದಲ್ಲಿ ಶೇಕಡಾ 70ರಷ್ಟು ನಿವಾಸಿಗಳು ಕೇಳಿದರೆ, ತಿಂಗಳ ಬಾಡಿಗೆಯ ನೂರು ಪಟ್ಟು ಕೊಟ್ಟು ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಳ್ಳಬಹುದು. ಮೇಲಿನ 267 ರೂಪಾಯಿ ಲೆಕ್ಕದಲ್ಲಿ ಒಂದು ರೂಮಿಗೆ 26,700 ರೂಪಾಯಿ. ಮುಂಬೈನ ಆಸ್ತಿ ಮಾಲೀಕರ ಸಂಘ ಕೋರ್ಟಿಗೆ ಹೋಯಿತು. ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿ ಆಸ್ತಿಯೆಲ್ಲವೂ ಸಂವಿಧಾನ ಹೇಳುವ 'ಸಮುದಾಯದ ಸಂಪನ್ಮೂಲ' (ಎಲ್ಲರ ಒಳಿತಿಗೆ ಹಂಚಬಹುದಾದದ್ದು) ಆಗುವುದಿಲ್ಲ ಅಂತ ಬಹುಮತದಿಂದ ಹೇಳಿತು. ಕೆಲವು ಆಗಬಹುದು ಅಂತಲೂ ಹೇಳಿತು. ಆ ಎರಡನೇ ಮಾತನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಬರೆದರೆ ಡಿಬೇಟ್‌ನಲ್ಲಿ ಎದುರಿನವರು ನಿಮ್ಮನ್ನು ಅಲ್ಲೇ ಹಿಡಿಯುತ್ತಾರೆ.

ಬಾಡಿಗೆ ಬೇಡ ಅನಿಸಿದರೆ ಬೀದಿ ವ್ಯಾಪಾರ ನೋಡಿ. 2014ರ ಕೇಂದ್ರ ಕಾಯ್ದೆ ಪ್ರಕಾರ ಸರ್ವೆ ಮುಗಿಯುವ ತನಕ ಈಗಿರುವ ವ್ಯಾಪಾರಿಯನ್ನು ಎಬ್ಬಿಸುವ ಹಾಗಿಲ್ಲ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40 ಜನ ವ್ಯಾಪಾರಿಗಳೇ ಇರಬೇಕು. ಆದರೂ ಮುನ್ಸಿಪಾಲಿಟಿ ಗಾಡಿ ಬಂತು ಅಂದ ಕೂಡಲೇ ಬುಟ್ಟಿ ಎತ್ತಿಕೊಂಡು ಓಡುವುದನ್ನು ದಾದರ್‌ನಲ್ಲಿ ನೋಡಿಯೇ ಇರುತ್ತೀರಿ. ದುಡಿಯುವ ಸ್ವಾತಂತ್ರ್ಯ ಶ್ರೀಮಂತರ ವಿಷಯ ಮಾತ್ರ ಅನ್ನುವವರಿಗೆ ಇದು ಒಳ್ಳೆಯ ಉತ್ತರ. ಫುಟ್‌ಪಾತ್ ಮೇಲೆ ನಡೆಯುವವರ ಹಕ್ಕನ್ನೂ ಸೇರಿಸಿಕೊಂಡೇ ಬರೆಯಿರಿ.

ಹೋಟೆಲ್ ಮನೆತನದ ಮಕ್ಕಳಿಗೆ ಇನ್ನೊಂದು ಹತ್ತಿರದ ವಿಷಯ ಇದೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ, ವರ್ಷವಿಡೀ ಅಂಗಡಿ ತೆರೆದಿಡಲು ದಾರಿ ಮಾಡಿತು. ಕಾಯ್ದೆ ಬಂದಾಗ, ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ನೋಂದಣಿ ಬೇಡವಾಗಿತ್ತು, ತಿಳಿಸಿದರೆ ಸಾಕಿತ್ತು. ಆದರೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎನ್ನುವ ಕೆಲಸದ ಮಿತಿಯನ್ನು ಆಗ ಹಾಗೇ ಉಳಿಸಿತು. ನಿಯಮ ತೆಗೆಯುವುದು ಅಂದ್ರೆ ಯಾವುದನ್ನು ತೆಗೆಯುತ್ತೀರಿ, ಯಾವುದನ್ನು ಉಳಿಸುತ್ತೀರಿ ಅಂತ ಒಂದೊಂದಾಗಿ ಹೇಳುವುದು. ಈ ಕಾಯ್ದೆ ಅದಕ್ಕೆ ಚಿಕ್ಕ ಮಾದರಿ.

ಇನ್ನು ಡಿಬೇಟ್. ಪಾರ್ಲಿಮೆಂಟರಿ ಮಾದರಿಯಾದರೆ ಸಾಮಾನ್ಯವಾಗಿ ಒಬ್ಬರಿಗೆ 7 ನಿಮಿಷ. ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ನಡುವೆ ಎದುರಿನವರು ಎದ್ದು ಪ್ರಶ್ನೆ ಕೇಳಬಹುದು. ಯಾವ ಕಡೆ ಮಾತಾಡಬೇಕು ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಒಪ್ಪದ ಮಾತನ್ನು ಆಡುವುದು ಹೇಗೆ ಅಂತ ಅಳುಕುವವರು ಈ ನಗರದ ಇತಿಹಾಸ ನೋಡಬೇಕು. ಉದ್ಯಮಿ ಎ.ಡಿ. ಶ್ರಾಫ್ 1944ರ ಬಾಂಬೆ ಪ್ಲಾನ್‌ಗೆ ಸಹಿ ಹಾಕಿದವರು. ಅರ್ಥವ್ಯವಸ್ಥೆಯಲ್ಲಿ ಸರ್ಕಾರಕ್ಕೆ ದೊಡ್ಡ ಪಾತ್ರ ಕೊಟ್ಟ ಯೋಜನೆ ಅದು. ಅವರೇ 1956ರಲ್ಲಿ ಇದೇ ಊರಿನಲ್ಲಿ ಮುಕ್ತ ಉದ್ಯಮದ ಪರ ವಾದಿಸುವ ಫೋರಂ ಆಫ್ ಫ್ರೀ ಎಂಟರ್‌ಪ್ರೈಸ್ ಕಟ್ಟಿದರು. ಮಿನೂ ಮಸಾನಿ 1934ರಲ್ಲಿ ಕಾಂಗ್ರೆಸ್ ಸೋಷಿಯಲಿಸ್ಟ್ ಪಾರ್ಟಿ ಕಟ್ಟಿದವರಲ್ಲಿ ಒಬ್ಬರು, 1959ರಲ್ಲಿ ರಾಜಾಜಿ ಜೊತೆ, ಸರ್ಕಾರದ ಹಿಡಿತ ಕಡಿಮೆ ಇರಲಿ ಅನ್ನುವ ಸ್ವತಂತ್ರ ಪಕ್ಷ ಕಟ್ಟಿದವರಲ್ಲೂ ಒಬ್ಬರು. ಎರಡೂ ಕಡೆಯ ವಾದ ಒಳಗಿನಿಂದ ಗೊತ್ತಿದ್ದವರ ಮಾತಿಗೆ ತೂಕ ಬರುತ್ತದೆ.

ಬರವಣಿಗೆಗೆ ಮಾದರಿ ಬೇಕಾದರೆ ನಮ್ಮ ಕಡೆಯವರೇ ಒಬ್ಬರಿದ್ದಾರೆ. ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ ಹುಟ್ಟಿದ್ದು 1905ರಲ್ಲಿ, ಬೆಳ್ಳಿಕೋತ್‌ನಲ್ಲಿ. ಆಗ ಅದು ದಕ್ಷಿಣ ಕನ್ನಡ, ಈಗ ಕಾಸರಗೋಡು ಜಿಲ್ಲೆ. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ಬಗ್ಗೆ ಅರ್ಥಶಾಸ್ತ್ರಜ್ಞರ ಸಮಿತಿ ಒಪ್ಪಿಗೆ ಕೊಟ್ಟಾಗ ಅವರೊಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ಕೈಯಲ್ಲಿರುವ ಉಳಿತಾಯಕ್ಕಿಂತ ದೊಡ್ಡ ಯೋಜನೆ ಹಾಕಿಕೊಂಡು ನೋಟು ಅಚ್ಚು ಹಾಕಿ ತುಂಬಿದರೆ ಬೆಲೆ ಏರುತ್ತದೆ ಅಂತ ಎಚ್ಚರಿಸಿದರು. ಆ ಯೋಜನೆಯಲ್ಲಿ 1,200 ಕೋಟಿ ರೂಪಾಯಿಯನ್ನು ಕೊರತೆ ಹಣಕಾಸಿನಿಂದ, ಅಂದ್ರೆ ಹೀಗೆ ನೋಟು ಅಚ್ಚು ಹಾಕಿ, ತುಂಬುವ ಲೆಕ್ಕ ಇತ್ತು. ಯೋಜನೆ ಶುರುವಾಗಿ ಹೆಚ್ಚು ದಿನ ಕಳೆಯುವ ಮೊದಲೇ ದೇಶ ವಿದೇಶಿ ವಿನಿಮಯದ ಬಿಕ್ಕಟ್ಟಿಗೆ ಸಿಕ್ಕಿತು. ಆ ಟಿಪ್ಪಣಿಯಲ್ಲಿ ಯಾರ ಮೇಲೂ ಸಿಟ್ಟಿಲ್ಲ. ದುಡ್ಡು ಎಲ್ಲಿಂದ ಬರುತ್ತದೆ ಎನ್ನುವ ಒಂದು ಪ್ರಶ್ನೆಯನ್ನು ಹಿಡಿದು ಬಿಡದೆ ಕೇಳಿದ್ದಾರೆ.

ನಿಮ್ಮ ಮೂಲ ಪ್ರಶ್ನೆಗೆ ಇನ್ನೂ ಒಂದು ಉದಾಹರಣೆ ಕೊಡುತ್ತೇನೆ, ಯಾಕಂದ್ರೆ ಇದನ್ನು ಎರಡೂ ಕಡೆಯವರು ಬಳಸಬಹುದು. ಕೆನರಾದಿಂದ ಇಲ್ಲಿಗೆ ಬಂದ ಚಿತ್ರಾಪುರ ಸಾರಸ್ವತರು 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕ್ ಶುರು ಮಾಡಿದರು. 1915ರಲ್ಲಿ ಗಾಮ್‌ದೇವಿಯಲ್ಲಿ ಸಹಕಾರಿ ವಸತಿ ಸಂಘ ಕಟ್ಟಿದರು. 1978ರಲ್ಲಿ ಬಿಲ್ಲವರು ಭಾರತ್ ಬ್ಯಾಂಕ್ ಕಟ್ಟಿದರು. ಯಾವ ಸರ್ಕಾರವೂ ಹೀಗೆ ಮಾಡಿ ಅಂತ ಹೇಳಿರಲಿಲ್ಲ. ಜನ ತಾವಾಗಿ ಸೇರಿದರು, ಪಾಲು ಹಾಕಿದರು, ಒಬ್ಬರನ್ನೊಬ್ಬರು ನಂಬಿದರು. ಲಿಬರ್ಟೇರಿಯನ್ನರಿಗೆ ಇದಕ್ಕಿಂತ ಪ್ರಿಯವಾದ ಕಥೆ ಇಲ್ಲ. ಆದರೆ ಸಾಲದ ಸಂಘಗಳಿಗೆ 1904ರ ಕಾಯ್ದೆಯೂ, ವಸತಿ ಸಂಘದಂಥವಕ್ಕೆ 1912ರ ಕಾಯ್ದೆಯೂ ಕಾನೂನಿನ ನೆಲೆ ಕೊಟ್ಟವು. ಸರ್ಕಾರ ಮನೆ ಕಟ್ಟಿಕೊಡಲಿಲ್ಲ, ಕಟ್ಟಿಕೊಳ್ಳುವವರಿಗೆ ಕಾನೂನಿನ ಚೌಕಟ್ಟು ಕೊಟ್ಟಿತು. ಎರಡು ಪುಟದಲ್ಲಿ ನೀವು ಸರ್ಕಾರವನ್ನು ಕೇಳಬೇಕಾದದ್ದು ಹೆಚ್ಚುಕಡಿಮೆ ಇಂಥದ್ದನ್ನೇ.

ಬ್ರೀಫ್ ಕಳಿಸುವ ಮುಂಚೆ ಒಂದು ಕೆಲಸ ಮಾಡಿ. ವಿಷಯ ಬಾಡಿಗೆಯಾದರೆ ಒಬ್ಬ ಹಳೇ ಬಾಡಿಗೆದಾರರಿಗೂ ಒಬ್ಬ ಮಾಲೀಕರಿಗೂ ಓದಿ ಹೇಳಿ. ಬೀದಿ ವ್ಯಾಪಾರವಾದರೆ ಗಾಡಿ ಇಟ್ಟವರಿಗೂ, ಅದೇ ಫುಟ್‌ಪಾತ್‌ನಲ್ಲಿ ಮಗುವಿನ ಕೈ ಹಿಡಿದು ಹೋಗುವವರಿಗೂ. ಮನೆಮಾತಿನಲ್ಲೇ ಹೇಳಿ, ಜಾರ್ಗನ್ ಬೇಡ. ಅವರು ಎತ್ತುವ ತಕರಾರನ್ನು ಬರೆದುಕೊಂಡು ಎರಡನೇ ಪುಟದಲ್ಲಿ ಉತ್ತರ ಕೊಡಿ. ಉತ್ತರ ಸಿಗದಿದ್ದರೆ ಮೊದಲ ಪುಟದ ಶಿಫಾರಸನ್ನು ಅಷ್ಟಕ್ಕೆ ತಕ್ಕ ಹಾಗೆ ಚಿಕ್ಕದು ಮಾಡಿ.