ಆ ಮೈನಸ್ ಅಂಕಿಗಳನ್ನು ಅಳಿಸಬೇಡಿ

ನಾನು ಕಾರುಗಳ ಎಂಜಿನ್ ಟ್ಯೂನ್ ಮಾಡುವವನು. ವಾರಕ್ಕೆ ಒಬ್ಬರಾದರೂ ನನ್ನ ಲ್ಯಾಪ್‌ಟಾಪ್ ಪರದೆಯ ಮೇಲೆ ಬೆರಳಿಟ್ಟು ಕೇಳುತ್ತಾರೆ: "ಸರ್, ಇಲ್ಲಿ ಮೈನಸ್ ಮೂರು, ಮೈನಸ್ ಐದು ಅಂತ ಇದೆಯಲ್ಲ, ಇದು ಪವರ್ ತಿನ್ನುತ್ತಂತೆ. ಎಲ್ಲಾ ಸೊನ್ನೆ ಮಾಡ್ಬಿಡಿ." ಅವರು ತೋರಿಸುವುದು, ಎಂಜಿನ್ ಎಳೆದುಕೊಳ್ಳುವ ಗಾಳಿ ಬಿಸಿಯಾದಷ್ಟೂ ಇಗ್ನಿಷನ್ ಟೈಮಿಂಗನ್ನು (ಪ್ಲಗ್ ಕಿಡಿ ಹಾರಿಸುವ ಗಳಿಗೆಯನ್ನು) ರಿಟಾರ್ಡ್ ಮಾಡುವ, ಅಂದರೆ ತಡಮಾಡುವ, ಕಾಂಪೆನ್ಸೇಶನ್ ಟೇಬಲ್. ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ಅದನ್ನು ಸೊನ್ನೆ ಮಾಡಿ ಓಡಿಸಿದರೆ ಒಂದೆರಡು ಹಾರ್ಸ್‌ಪವರ್ ಹೆಚ್ಚು ಬಂದರೂ ಬರಬಹುದು. ಅಲ್ಲಿಂದಲೇ ಈ ಹುಚ್ಚು ಹಬ್ಬಿರುವುದು.

ಇಷ್ಟು ಅರ್ಥ ಮಾಡಿಕೊಳ್ಳಿ. ಮುಖ್ಯ ಮ್ಯಾಪ್‌ನಲ್ಲಿ, ಅಂದರೆ ಎಂಜಿನ್ ವೇಗ ಮತ್ತು ಇನ್‌ಟೇಕ್ ಗಾಳಿಯ ಒತ್ತಡಕ್ಕೆ ತಕ್ಕ ಟೈಮಿಂಗ್ ಪಟ್ಟಿಯಲ್ಲಿ, 4000 ಆರ್‌ಪಿಎಂ, ಫುಲ್ ಥ್ರಾಟಲ್‌ಗೆ ನಾನು 24 ಡಿಗ್ರಿ (ಪಿಸ್ಟನ್ ತುದಿ ಮುಟ್ಟಲು ಕ್ರ್ಯಾಂಕ್ ಇನ್ನೂ ಇಷ್ಟು ತಿರುಗಬೇಕಿರುವಾಗ ಕಿಡಿ) ಬರೆದಿದ್ದರೆ, ಅದು ಆವತ್ತಿನ ಗಾಳಿಗೆ ಸಿಕ್ಕ ಲೆಕ್ಕ. ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್ ಆವತ್ತು 32 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು ಅನ್ನಿ. ಹಾಗಾದರೆ ಆ 24ರ ಟೈಮಿಂಗ್ 32 ಡಿಗ್ರಿ ಗಾಳಿಗೆ ಸರಿ. ಗಾಳಿ 52 ಆದಾಗ ಅದೇ 24 ತಪ್ಪು ಲೆಕ್ಕ. ಸಿಲಿಂಡರ್‌ನಲ್ಲಿ ಗಾಳಿ ಒತ್ತಿಕೊಂಡಾಗ ಬಿಸಿಯೂ ಬೆಳೆಯುತ್ತದೆ: ಒಳಬರುವಾಗ ಇದ್ದ 20 ಡಿಗ್ರಿ ವ್ಯತ್ಯಾಸ ಕಂಪ್ರೆಷನ್ ಮುಗಿಯುವಷ್ಟರಲ್ಲಿ 40 ದಾಟಿರುತ್ತದೆ. ಪ್ಲಗ್ ಹಚ್ಚಿದ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುವುದಕ್ಕೆ ಅಷ್ಟು ಸಾಕಾಗಬಹುದು. ಅದೇ ನಾಕಿಂಗ್. ಮೈನಸ್ 3 ಅಂದರೆ ಬಿಸಿ ಗಾಳಿಯ ಸರಿಯಾದ ಟೈಮಿಂಗ್ 21 ಅಂತ. ಪವರ್ ಕದ್ದದ್ದು ಆ ಬಿಸಿ, ಟೇಬಲ್ ಅಲ್ಲ.

ಇದರ ಜೊತೆಗೇ ಇನ್ನೊಂದು ತಪ್ಪು, ಕಲಿಯುತ್ತಿರುವ ಟ್ಯೂನರ್‌ಗಳದ್ದು. ಟೇಬಲ್‌ನ ಸೊನ್ನೆ ಇರಬೇಕಾದ್ದು ಮ್ಯಾಪ್ ಮಾಡಿದ ದಿನದ ಉಷ್ಣತೆಯಲ್ಲಿ. ಸೊನ್ನೆಯನ್ನು 20 ಡಿಗ್ರಿಯಲ್ಲಿಟ್ಟು 38ರಲ್ಲಿ ಟ್ಯೂನ್ ಮಾಡಿದರೆ, ಹಿಂದಿನಿಂದ ಮೈನಸ್ 2 ಕೆಲಸ ಮಾಡುತ್ತಲೇ ಇರುತ್ತದೆ. ಅದು ಗೊತ್ತಾಗದೆ ಮುಖ್ಯ ಮ್ಯಾಪ್‌ಗೆ 2 ಸೇರಿಸುತ್ತಾರೆ. ಆಮೇಲೆ ಯಾರೋ ಬಂದು ಕಾಂಪೆನ್ಸೇಶನ್ ಅಳಿಸಿದರೆ ಆ 2 ಡಿಗ್ರಿ ನೇರ ಪಿಸ್ಟನ್ ತಲೆಯ ಮೇಲೆ.

ಬೆಂಗಳೂರಿನವರು ಇನ್ನೂ ಒಂದು ವಿಷಯ ಮರೆಯುತ್ತಾರೆ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸು, ಮಂಗಳೂರಿನಲ್ಲಿ 101. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಎಷ್ಟೇ ಒತ್ತಿದರೂ ಮ್ಯಾಪ್‌ನ 100 ಕಿಲೋಪಾಸ್ಕಲ್ ಸಾಲು ಮುಟ್ಟುವುದೇ ಇಲ್ಲ. ಆ ಸಾಲಿನಲ್ಲಿ ನಾನು ಬರೆದ ಅಂಕಿ ಅಂದಾಜಿನದು, ಅಳೆದದ್ದಲ್ಲ. ಘಟ್ಟ ಇಳಿದರೆ ಸುಮಾರು ಹತ್ತರಲ್ಲೊಂದು ಪಾಲು ಗಾಳಿ ಹೆಚ್ಚು ನುಗ್ಗುತ್ತದೆ, ಅದೂ ಕಾದ ಗಾಳಿ.

ನನ್ನ ಹಳೆಯ ಗಿರಾಕಿ ಒಬ್ಬ ಹುಡುಗ, ಮಾರುತಿ ಎಸ್ಟೀಮ್ ಕಾರಿನ ಮೇಲೆ ಪ್ರಾಣ. ಹೆಡ್ ಫೇಸಿಂಗ್ ಮಾಡಿಸಿ (ಸಿಲಿಂಡರ್ ಹೆಡ್‌ನ ತಳ ತರಿಸಿ) ಕಂಪ್ರೆಷನ್ ಏರಿಸಿ, ಬೇರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹಾಕಿಸಿದ್ದ. ನಾಕಿಂಗ್ ಪತ್ತೆಹಚ್ಚುವ ನಾಕ್ ಸೆನ್ಸರ್ ಇರಲಿಲ್ಲ. ನಾನು ಟ್ಯೂನ್ ಮಾಡಿಕೊಟ್ಟ ಮೇಲೆ ಯಾರದೋ ಮಾತು ಕೇಳಿ ಮೈನಸ್‌ಗಳನ್ನೆಲ್ಲ ಅಳಿಸಿದ. ಬೆಂಗಳೂರಿನಲ್ಲಿ ಎರಡು ತಿಂಗಳು ಏನೂ ಆಗಲಿಲ್ಲ. ಏಪ್ರಿಲ್‌ನಲ್ಲಿ ಅಕ್ಕನ ಮದುವೆಗೆ ಮಂಗಳೂರಿಗೆ ಹೋದವನು, ವಾಪಸು ಬರುವಾಗ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎಸಿ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮೊರದಲ್ಲಿ ಹುರುಳಿಕಾಳು ಆಡಿಸಿದಂಥ ಸದ್ದು ಬಂತಂತೆ. ಟ್ಯಾಪೆಟ್ (ವಾಲ್ವ್) ಸದ್ದು ಇರಬಹುದು ಅಂದುಕೊಂಡು ಹಾಡು ಜೋರು ಮಾಡಿದ.

ಗಾಡಿ ನನ್ನ ಹತ್ತಿರ ಬಂದದ್ದು ಟೋ ಆಗಿ. ಮೂರನೆಯ ಸಿಲಿಂಡರ್‌ನ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದೆ. ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ, ಮಿನುಗುವ ಬೂದು ಚುಕ್ಕೆಗಳು. ಅದು ಪಿಸ್ಟನ್‌ನ ಅಲ್ಯೂಮಿನಿಯಂ. ಹೆಡ್ ಇಳಿಸಿ ಪಿಸ್ಟನ್ ಹೊರತೆಗೆದಾಗ ಮೊದಲ ಎರಡು ರಿಂಗ್‌ಗಳ ನಡುವಿನ ಅಂಚು ಬೆರಳುಗುರಿನಷ್ಟು ಮುರಿದು ಕೈಗೇ ಬಂತು. ಅವನು ಮಾತಾಡಲಿಲ್ಲ. ನನಗೂ ಬೈಯಲು ಮನಸ್ಸಾಗಲಿಲ್ಲ.

ಆದರೆ ಅವನು ಅಳಿಸಿದ್ದಕ್ಕೆ ಕಾರಣವೂ ಇತ್ತು, ಅದನ್ನು ನಾನು ಮೊದಲೇ ಕೇಳಬೇಕಿತ್ತು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತು ಹೊರಟರೆ ಪಿಕಪ್ ಮಂಕು ಅನ್ನುತ್ತಿದ್ದ. ನಿಜವೇ. ಸೆನ್ಸರ್ ಇದ್ದದ್ದು ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಲೋಹದಲ್ಲಿ. ಎಂಜಿನ್ ಕಾವಿಗೆ ಅದೇ ಬೆಂದು, ಒಳಬರುವ ಗಾಳಿಗಿಂತ ಬಹಳ ಹೆಚ್ಚು ತೋರಿಸುತ್ತಿತ್ತು. ಅದಕ್ಕೆ ಮದ್ದು ಅಳಿಸುವುದಲ್ಲ. ಸೆನ್ಸರನ್ನು ಥ್ರಾಟಲ್‌ಗಿಂತ ಮುಂಚೆ, ಏರ್ ಫಿಲ್ಟರ್ ನಂತರದ ಪೈಪಿಗೆ ತಂದೆವು. ಟೇಬಲ್‌ಗೆ ಉಷ್ಣತೆಯ ಜೊತೆ ಲೋಡ್ (ಇನ್‌ಟೇಕ್ ಒತ್ತಡ) ಕೂಡ ಸೇರಿಸಿದೆವು: 40 ಕಿಲೋಪಾಸ್ಕಲ್‌ನಲ್ಲಿ ನಾಕ್ ಆಗುವ ಭಯ ಕಡಿಮೆ, ಅಲ್ಲಿ ಸೊನ್ನೆಯೇ ಇರಲಿ, 80ರಿಂದ ಮೇಲೆ ಮೈನಸ್ ಇರಲೇಬೇಕು. ಈ ಅಂಕಿಗಳು ಆ ಎಂಜಿನ್‌ಗೆ, ಆ ಪೆಟ್ರೋಲ್‌ಗೆ. ದಯವಿಟ್ಟು ನಿಮ್ಮ ಗಾಡಿಗೆ ನಕಲು ಮಾಡಬೇಡಿ, ನಿಮ್ಮ ಲಾಗ್ (ಇಸಿಯು ದಾಖಲೆ) ನೋಡದೆ ನಾನೂ ಹೇಳಲಾರೆ.

ಮೊನ್ನೆ ಮಂಗಳೂರಿಗೆ ಹೋದವನು ಲಾಗ್ ಕಳಿಸಿದ್ದ. ಮಧ್ಯಾಹ್ನ, ಎಸಿ ಆನ್. 98 ಕಿಲೋಪಾಸ್ಕಲ್, ಗಾಳಿ 52 ಡಿಗ್ರಿ, ಟೈಮಿಂಗ್ 21. ಕೆಳಗೆ ಬರೆದಿದ್ದ: "ಸರ್, ಹಾಡು ಆಫ್ ಮಾಡೇ ಓಡಿಸಿದೆ."